ಗಂಡನ ಹೆಸರು ಹೇಳದ ಹೂವಮ್ಮನಿಗೆ ಸಾಲವಿಲ್ಲ

ಸೊರಬ, ೧೯೭೪

ಮಾನ್ಯ ಬ್ಯಾಂಕ್ ವ್ಯವಸ್ಥಾಪಕರೇ,

ಇಂದು ಬೆಳಿಗ್ಗೆ ತಮ್ಮ ಶಾಖೆಯ ಗೋಡೆಯ ಮೇಲೆ ಹೊಸ ಬರಹ ನೋಡಿದೆ: ‘ಗ್ರಾಮೀಣ ಮಹಿಳೆಯರೇ, ಸ್ವಂತ ಉದ್ಯೋಗಕ್ಕೆ ಸುಲಭ ಸಾಲ, ಬನ್ನಿ.’ ಕೆಳಗೊಂದು ಚೀಟಿ: ‘ಬಣ್ಣ ಹಸಿಯಾಗಿದೆ, ಹತ್ತಿರ ಬರಬೇಡಿ.’ ಎರಡನ್ನೂ ಒಟ್ಟಿಗೆ ಓದಿದ ಮೇಲೆ ತಮ್ಮ ಧೋರಣೆ ಸ್ಪಷ್ಟವಾಯಿತು. ಕಳೆದ ಗುರುವಾರ ಹೊಸಬಾಳೆಯ ಹೂವಮ್ಮನವರ ಇನ್ನೂರು ರೂಪಾಯಿ ಸಾಲದ ಅರ್ಜಿಯನ್ನು, ಆಕೆ ಗಂಡನ ಹೆಸರು ಹೇಳಲಿಲ್ಲವೆಂಬ ಒಂದೇ ಕಾರಣಕ್ಕೆ ತಾವು ತಿರಸ್ಕರಿಸಿದಿರಿ. ನನ್ನ ದೂರು ಅದೇ.

ಹೂವಮ್ಮ ಹನ್ನೊಂದು ವರ್ಷದಿಂದ ದುರ್ಗಮ್ಮನ ಭಟ್ಟಿಯಲ್ಲಿ ಕೂಲಿಗೆ ಮಂಡಕ್ಕಿ ಹುರಿಯುತ್ತಿದ್ದಾರೆ. ದುರ್ಗಮ್ಮನಿಗೆ ವಯಸ್ಸಾಗಿದೆ. ಅಮಾವಾಸ್ಯೆಯೊಳಗೆ ಇನ್ನೂರು ಕೊಟ್ಟರೆ ಬಾಣಲೆ, ಜರಡಿ ಸಮೇತ ಭಟ್ಟಿ ಹೂವಮ್ಮನದು. ಇಲ್ಲವಾದರೆ ಬಾಣಲೆ ದಾವಣಗೆರೆಯ ಮಂಡಕ್ಕಿ ವ್ಯಾಪಾರಿಗಳ ಪಾಲು, ಹೂವಮ್ಮನಿಗೆ ಇದ್ದ ಕೂಲಿಯೂ ಇಲ್ಲ.

ಆ ದಿನ ನಾನು ತಂದೆಯವರ ಪಾಸ್‌ಬುಕ್ ಬರೆಸಲು ಬಂದು ಬೆಂಚಿನ ತುದಿಯಲ್ಲಿ ಕುಳಿತಿದ್ದೆ. ತಾವು ಗಂಡನ ಹೆಸರು ಕೇಳಿದಿರಿ. ಹೂವಮ್ಮ ಸೆರಗು ಎಳೆದುಕೊಂಡು ರೇಷನ್ ಕಾರ್ಡು ಮುಂದೆ ಹಿಡಿದರು. ಕಾರ್ಡು ಯಾರದ್ದಾದರೂ ಇರಬಹುದು, ಬಾಯಲ್ಲೇ ಹೇಳಬೇಕು ಎಂದಿರಿ.

“ಅವ್ರ ಹೆಸ್ರು ನಾನ್ ಹೆಂಗ್ ಹೇಳ್ಲಿ ಸ್ವಾಮಿ? ಕಾಡಲ್ಲಿ ಇರ್ತದಲ್ರೀ, ಮೈಮೇಲೆ ಪಟ್ಟೆ ಇರೋದು. ಅದಕ್ಕೆ ಅಪ್ಪ ಅಂತ ಸೇರ್ಸ್ಕಳಿ.”

ಗುಮಾಸ್ತರು ನಕ್ಕರು. ಅಂದರೆ ಅವರಿಗೆ ಅರ್ಥವಾಗಿತ್ತು. ತಾವೂ ನಕ್ಕಿರಿ. ಆಮೇಲೆ ‘ಮಾಹಿತಿ ನೀಡಲು ನಿರಾಕರಿಸಿದ್ದಾರೆ’ ಎಂದು ಬರೆದಿರಿ.

ನಮ್ಮ ತಾಯಿ ಖುರ್ಷೀದ್ ಬೀ ಇಪ್ಪತ್ತೈದು ವರ್ಷಗಳಲ್ಲಿ ಒಮ್ಮೆಯೂ ತಂದೆಯವರ ಹೆಸರು ಹಿಡಿದವರಲ್ಲ. ನನ್ನ ಹೆಸರು ಸೇರಿಸಿ ‘ಸಾಲೇಹಾಳ ಅಬ್ಬಾ’ ಎಂದರೆ ಅವರು ತಿರುಗಿ ನೋಡುತ್ತಾರೆ. ತಮ್ಮ ಮನೆಯಲ್ಲಿ ತಮ್ಮನ್ನು ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆಯೇ? ಕರೆಯದಿದ್ದರೆ, ಮಾಹಿತಿ ಸಾಲದೆಂದು ತಾವು ಊಟ ಬಿಡುತ್ತೀರಾ? ಇನ್ನೂರು ರೂಪಾಯಿ ಕೈತಪ್ಪುತ್ತದೆಂದು ಗೊತ್ತಿದ್ದೂ ನೇಮ ಬಿಡದವರು, ಸಾಲ ತೀರಿಸುವ ಮಾತು ಮಾತ್ರ ಬಿಡುತ್ತಾರೆಂದು ಯಾವ ಸುತ್ತೋಲೆಯಲ್ಲಿದೆ? ನೇಮ ಸರಿಯೋ ತಪ್ಪೋ, ಬೇರೆ ಚರ್ಚೆ. ಅದನ್ನು ತಿದ್ದುವ ಕೆಲಸಕ್ಕೆ ಸರ್ಕಾರ ಬ್ಯಾಂಕು ತೆರೆದಂತಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಹೂವಮ್ಮ ವಾರಕ್ಕೊಮ್ಮೆ ನಮ್ಮ ಮನೆಗೆ ಮಂಡಕ್ಕಿ ತರುತ್ತಾರೆ. ಅವರ ಗಂಡ ಹುಲಿಯಪ್ಪನವರೆಂದು ನನಗೆ ಗೊತ್ತಿತ್ತು. ಅಷ್ಟು ಜನರ ಮುಂದೆ ಎದ್ದು ಹೇಳಲು ನಾಚಿಕೆಯಾಗಿ, ಪಾಸ್‌ಬುಕ್ಕಿನ ರಟ್ಟಿನ ಮೇಲಿನ ನಿಯಮಗಳನ್ನು ಎರಡು ಸಲ ಓದಿದೆ. ಹೂವಮ್ಮ ಹೋಗುವಾಗ, “ನೀವ್ ಯಾಕ್ ತಲೆ ತಗ್ಗಿಸ್ತೀರಿ ಅಕ್ಕೋರೆ, ಸಾಲ ನಿಮ್ಗೇನ್ ಇಲ್ಲ ಅಂದ್ರಾ?” ಎಂದರು.

ಆದ್ದರಿಂದ ಅಮಾವಾಸ್ಯೆಗೆ ಮುನ್ನ ಆ ಅರ್ಜಿಯನ್ನು ಮತ್ತೆ ತೆಗೆಯಬೇಕು. ಗಂಡನ ಹೆಸರಿನ ಕಲಮಿಗೆ ರೇಷನ್ ಕಾರ್ಡು ಸಾಕೆಂದು ಒಪ್ಪಬೇಕು. ಒಪ್ಪುವ ತನಕ, ಸೋಮವಾರದಿಂದ ದಿನವೂ ಬೆಳಿಗ್ಗೆ ಹತ್ತೂವರೆಗೆ ನಾನು ತಮ್ಮ ಬೆಂಚಿನ ಮೇಲಿರುತ್ತೇನೆ. ಬಂದ ಹೆಂಗಸರನ್ನು ಮೊದಲೇ ವಿಚಾರಿಸಿಟ್ಟುಕೊಂಡು, ತಾವು ಕೇಳಿದಾಗ ಅವರವರ ಗಂಡಂದಿರ ಹೆಸರನ್ನು ನಾನು ಎದ್ದು ನಿಂತು ಹೇಳುತ್ತೇನೆ.

ಇಂತಿ,
ಒಂದು ಗುರುವಾರ ತಡವಾಗಿ,
ಸಾಲೇಹಾ, ಬಿ.ಎ. (ಕನ್ನಡ)