ಚಕ್ ಕೀಗೊಂದು ಗೂಡು

ಹಡರ್ಸ್‌ಫೀಲ್ಡ್
೯ ಮಾರ್ಚ್ ೨೦೧೯

ನನ್ನ ಮುದ್ದಿನ ಹೆಟ್ಟಿ,

ನಿನ್ನ ಕಾಗದ ಬಂತು. ಲೋಹ ಕಡೆಯುವ ನನ್ನ ಲೇಥ್ ಇನ್ನು ನಿನಗೇ ಇರಲಿ ಎಂದರೆ ಬೇಡವೆಂದಿದ್ದೀಯ. “ಹದಿನಾಲ್ಕನೇ ವಯಸ್ಸಿನಲ್ಲಿ, ಲೋಹದ ತುಂಡನ್ನು ಹಿಡಿಯುವ ಚಕ್ಕಿನಲ್ಲೇ ಅದನ್ನು ಬಿಗಿಮಾಡುವ ಕೀ ಮರೆತು ಮೋಟರ್ ಹಾಕಿದವಳು ನಾನು, ನನ್ನಂಥ ಮರೆಗುಳಿ ಮಷೀನಿನ ಹತ್ತಿರ ಸುಳಿಯಬಾರದು” ಎಂದು ಬರೆದದ್ದನ್ನು ಓದಿ ಚಹಾ ಅಲ್ಲೇ ಬಿಟ್ಟು ಶೆಡ್ಡಿಗೆ ಹೋದೆ. ತಿರುಗುವ ಚಕ್ಕಿನಿಂದ ಆ ಕೀ ಹಾರಿಬಂದು ನಿನ್ನ ಹುಬ್ಬು ಸೀಳಿದ್ದು, ಅರ್ಧ ಮಾಡಿದ್ದ ಪುಟ್ಟ ಉಗಿಬಂಡಿಯನ್ನು ನೀನು ಮತ್ತೆ ಮುಟ್ಟದೆ ಹೋದದ್ದು, ಎಲ್ಲ ನೆನಪಾಯಿತು.

ಅದಕ್ಕೇ ಮೂರು ವಾರ ಶೆಡ್ಡಿನಲ್ಲಿ ಕೂತು ಲೇಥನ್ನು ತಿದ್ದಿದ್ದೇನೆ. ಮೇಲೊಂದು ಹಿತ್ತಾಳೆಯ ಗೂಡು, ಅದರ ತಳದಲ್ಲಿ ಉಗುರಿನಷ್ಟು ಸ್ವಿಚ್. ಚಕ್ ಬಿಗಿಮಾಡಿದ ಕೀಯನ್ನು ತಂದು ಆ ಗೂಡಿನಲ್ಲಿಡುವವರೆಗೆ ಮೋಟರ್ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ನಮ್ಮ ಉಗಿಬಂಡಿ ಕ್ಲಬ್ಬಿನ ಕ್ಲಿಫರ್ಡ್ ನೋಡಿ, “ಏನೋ ಡೆಸ್ಮಂಡ್, ಲೇಥಿಗೂ ಆಯಾ ಇಟ್ಟುಬಿಟ್ಯಾ? ನಲವತ್ತು ವರ್ಷ ಲೇಥ್ ಹಿಡಿದೋನಿಗೆ ಇದೆಲ್ಲ ಯಾಕೋ?” ಎಂದು ರೇಗಿಸಿದ. ಮಗಳಿಗೆ ಕಣಯ್ಯ ಎಂದೆ.

ಭಾನುವಾರ ಮೊದಲ ಪರೀಕ್ಷೆ. ಬಟನ್ ಒತ್ತಿದೆ, ತಿರುಗಲೇ ಇಲ್ಲ. ವೈರನ್ನು ಎರಡು ಸಲ ಬಿಚ್ಚಿ ಕಟ್ಟಿದೆ, ಸ್ವಿಚ್ಚನ್ನು ಬಾಯಿಗೆ ಬಂದಂತೆ ಬೈದೆ. ಚಹಾ ತಂದ ನಿನ್ನಮ್ಮ ಬಾಗಿಲಲ್ಲೇ ನಿಂತು, “ಅಲ್ಲ ಮಹಾರಾಯ, ಕೀ ಇನ್ನೂ ಚಕ್ಕಲ್ಲೇ ಇದೆಯಲ್ಲ!” ಎಂದಳು. ಬಿದ್ದೂ ಬಿದ್ದೂ ನಕ್ಕಳು. ನನಗೆ ನಗು ಬರಲಿಲ್ಲ ಹೆಟ್ಟಿ. ಕೀ ತೆಗೆದು ಗೂಡಿನಲ್ಲಿಟ್ಟೆ, ಮೋಟರ್ ತಿರುಗಿತು.

ಈಸ್ಟರಿಗೆ ಬಾ. ನಿನ್ನ ಉಗಿಬಂಡಿಯ ಭಾಗಗಳಿಗೆ ಎಣ್ಣೆ ಸವರಿ ಅದೇ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದೇನೆ, ಒಂದಕ್ಕೂ ತುಕ್ಕು ಹಿಡಿದಿಲ್ಲ. ಅಮ್ಮ ಶುಂಠಿ ಕೇಕ್ ಮಾಡುತ್ತಾಳಂತೆ.

ಸದಾ ನಿನ್ನ ದಾರಿ ಕಾಯುವ
ಅಪ್ಪ, ಡೆಸ್ಮಂಡ್

ಮರೆತ ಮಾತು: ಮರೆತಿದ್ದೆನೆಂದರೆ ಸುಳ್ಳಾದೀತು, ಧೈರ್ಯವಿರಲಿಲ್ಲ. ಆ ದಿನ ನೀನು ಚಕ್ ಬಿಗಿಮಾಡಿ, ಕೀ ತೆಗೆದಿಟ್ಟು, ಕನ್ನಡಕ ಹಾಕಿಕೊಳ್ಳಲು ಆ ಕಡೆ ತಿರುಗಿದೆ. ಹುಡುಗಿಯ ಕೈ, ಬಿಗಿ ಸಾಲದೇನೋ ಎಂದು ನಾನು ಇನ್ನೊಂದು ಸುತ್ತು ಬಿಗಿಮಾಡಿದೆ. ಕೀ ಚಕ್ಕಿನಲ್ಲೇ ಬಿಟ್ಟೆ. ಅದು ಗೊತ್ತಿಲ್ಲದೆ ನೀನು ಬಂದು ಮೋಟರ್ ಹಾಕಿದೆ. ಆಸ್ಪತ್ರೆಯಲ್ಲಿ ನೀನು, “ನಾನೇ ಮರೆತೆ ಅಪ್ಪಾ, ಬೈಬೇಡ” ಎಂದು ಅತ್ತಾಗ ನಾನು ನಿನ್ನ ತಲೆ ಸವರುತ್ತಾ ಸುಮ್ಮನಿದ್ದೆ. ಹದಿನೆಂಟು ವರ್ಷ ಸುಮ್ಮನಿದ್ದೆ. ಕ್ಷಮಿಸು ಕಂದಾ. ಕ್ಲಿಫರ್ಡನಿಗೆ ಹೇಳಿದ್ದೂ ಸುಳ್ಳು. ಆ ಗೂಡು ನನಗೇ ಬೇಕಾಗಿತ್ತು.