ಉಗ್ರಾಣ ಮುಟ್ಟಿದ ಅಲೆ

ಪೆರುಂಗುಡಿ, ಚೆನ್ನೈ
ಮಂಗಳವಾರ

ಪೂಜ್ಯ ಮಾವನವರಿಗೆ ವಿಮಲಾಳ ನಮಸ್ಕಾರ.

ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಬರೆಯುತ್ತಿದ್ದೇನೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಸಂಶೋಧನಾ ವಿದ್ಯಾರ್ಥಿನಿ ನಮಿತಾ ನಮ್ಮ ಹೋಟೆಲಿನ ಉಗ್ರಾಣದಲ್ಲಿ ಇಟ್ಟಿರುವ ಭೂಕಂಪ ಅಳೆಯುವ ಪೆಟ್ಟಿಗೆಯನ್ನು ತೆಗೆಸಲು ನೀವು ಊರಿಗೆ ಹೊರಡುವಾಗ ಹೇಳಿದ್ದಿರಿ. ನಾನು ತೆಗೆಸಿಲ್ಲ.

ನಿನ್ನೆ ಬೆಳಿಗ್ಗೆ ಹೋಟೆಲ್ ತುಂಬಿದ್ದಾಗ ಅವಳು ಓಡಿಬಂದಳು. "ಅಕ್ಕಾ, ಚಿಲಿ ದೇಶದಾಚೆ ಕಡಲಡಿಯಲ್ಲಿ ಭೂಕಂಪ ಆಗಿದೆ. ಅದರ ಅಲೆ ಭೂಮಿಯ ನಟ್ಟನಡುವಿಂದ ಹಾದು ಬರ್ತಾ ಇದೆ. ಇನ್ನು ಹತ್ತೇ ನಿಮಿಷದಲ್ಲಿ ಇಲ್ಲಿಗೆ ತಲುಪುತ್ತೆ. ಗ್ರೈಂಡರ್ ನಿಲ್ಲಿಸ್ತೀರಾ? ಅದರ ನಡುಕದಲ್ಲಿ ಅಲೆ ಮುಚ್ಚಿಹೋಗುತ್ತೆ."

ಅಷ್ಟು ಆಳಕ್ಕೆ ಯಾರೂ ಅಗೆಯಲಾರರು, ಒಳಗೇನಿದೆಯೆಂದು ತಿಳಿಸುವುದು ಇಂಥ ಅಲೆಗಳೇ ಎಂದು ಅವಳು ಹಿಂದೆಯೇ ಹೇಳಿದ್ದಳು. ನಾನೇ ಹೋಗಿ ಸ್ವಿಚ್ ಆರಿಸಿದೆ. ಅಡಿಗೆಯವರು ನಿಂತಲ್ಲೇ ನಿಂತರು. ಏನಾಯಿತೆಂದು ತಿಳಿಯದೆ ಗಿರಾಕಿಯೊಬ್ಬರು "ಎನ್ನಾಚು?" ಎಂದು ಕೇಳಿದರೆ ನಮ್ಮ ಸಪ್ಲೈಯರ್ ಸುಧಾಕರ, "ಭೂಮಿಯೊಳಗಿಂದ ಅಲೆ ವರುದು ಸಾರ್, ಕೊಂಜಂ ಇರುಂಗ" ಎಂದ. ಅವರೂ ಚಮಚ ಕೆಳಗಿಟ್ಟು ಕಾದರು.

ಪೆಟ್ಟಿಗೆಗೆ ಜೋಡಿಸಿದ್ದ ಲ್ಯಾಪ್‌ಟಾಪಿನಲ್ಲಿ ನೇರ ಹೋಗುತ್ತಿದ್ದ ಗೆರೆ ಸಣ್ಣಗೆ ನಡುಗಿತು. ನಮಿತಾ ನನ್ನನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಒಂದೂವರೆ ವರ್ಷದಿಂದ ಕಾದಿದ್ದಳಂತೆ. ಚಿಲಿಯಲ್ಲಿ ಯಾರಿಗೂ ಏನೂ ಆಗಿಲ್ಲವೆಂದು ಆಮೇಲೆ ತಿಳಿದು ಎಲ್ಲರಿಗೂ ಸಮಾಧಾನವಾಯಿತು.

ಅವಳ ಓದು ಮುಗಿಯುವವರೆಗೆ ಪೆಟ್ಟಿಗೆ ಇರಲಿ ಮಾವ. ಬೈಯುವುದಿದ್ದರೆ ನನಗೇ ಬೈಯಿರಿ. ಬಿ.ಪಿ. ಮಾತ್ರೆ ತಪ್ಪಿಸಬೇಡಿ. ಬೇಗ ಬನ್ನಿ. ಮುಂದಿನ ಭೂಕಂಪಕ್ಕೆ ಸ್ವಿಚ್ ಆರಿಸುವವರು ಯಾರೆಂದು ಅಡಿಗೆಮನೆಯಲ್ಲಿ ಈಗಲೇ ಜಗಳ ಶುರುವಾಗಿದೆ, ನೀವೇ ತೀರ್ಮಾನಿಸಬೇಕು.

ನಿಮ್ಮ ಮಾತು ಮೀರಿದ ಸೊಸೆ,
ವಿಮಲಾ