ಅತ್ತೆಗೆ ಹೇಳಬೇಕಾದ ಸುದ್ದಿ

ಫೆಬ್ರವರಿ 6, ಬೆಳಿಗ್ಗೆ

ಏಳೂವರೆಯ ದೋಣಿಗೆ ಟಿಕೆಟ್ ಹರಿದುಕೊಟ್ಟದ್ದಾಯಿತು. ಜನರನ್ನು ಕೂಗಿ ಕರೆಯುವ ಕೆಲಸ ಮಾತ್ರ ಇಲ್ಲ. ಗಂಟಲಿನ ಗಂಟು ತೆಗೆಸಿ ಮೂರು ದಿನ. ಇನ್ನೂ ಹನ್ನೊಂದು ದಿನ ಬಾಯಿಗೆ ಬೀಗ. ನನ್ನ ಬದಲು ಒಂದು ಕಬ್ಬಿಣದ ತುಂಡು ನೇತುಹಾಕಿ ಬಡಿಯುತ್ತಿದ್ದಾರೆ. "ಇದು ಬೈಯೋದಿಲ್ಲ ಅಕ್ಕ, ಅದಕ್ಕೇ ಯಾರೂ ಓಡಿ ಬರ್ತಿಲ್ಲ," ಎಂದ ದೋಣಿಯವನು. ನಗಬಾರದೆಂದು ಡಾಕ್ಟರು ಹೇಳಿದ್ದಾರೆ. ನಕ್ಕೆ.

ಸಂಜೆ

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಮಂಡಿನೋವು, ಬೀದಿಗೆ ಇಳಿದು ವರ್ಷಗಳಾದವು. ಹನ್ನೊಂದು ವರ್ಷದಿಂದ ಹೊಳೆದಂಡೆಯ ಸುದ್ದಿಯನ್ನೆಲ್ಲ ದಿನಾ ಅವರ ಕಿವಿಯ ಹತ್ತಿರ ಕಿರುಚಿ ಹೇಳುತ್ತಿದ್ದವಳು ನಾನು. ಕಿವಿಯ ಮಿಷನ್ ಗುಂಯ್ ಎನ್ನುತ್ತದೆಂದು ಡಬ್ಬಿ ಸೇರಿದೆ. ಓದು ಬಾರದು. ನಮ್ಮ ಯಜಮಾನರದು ಕೀರಲು ದನಿ, ಜೋರಾಗಿ ಹೇಳಿದರೆ ಅತ್ತೆ "ಯಾಕೋ ಬೈತೀಯ?" ಎನ್ನುತ್ತಾರೆ.

"ಇವತ್ತೇನೂ ಆಗ್ಲಿಲ್ವೇನಮ್ಮ ಊರಲ್ಲಿ?"

ಕೈ ತಿರುಗಿಸಿ ಏನೇನೋ ತೋರಿಸಿದೆ. ಅರ್ಥವಾಗಲಿಲ್ಲ, ಆದರೂ ನಕ್ಕರು. ಇನ್ನು ಇಲ್ಲಿ ಬರೆದಿಡುತ್ತೇನೆ. ಬಾಯಿ ಬಂದ ಮೇಲೆ ಒಂದೂ ಬಿಡದೆ ಹೇಳಬೇಕು.

ಫೆಬ್ರವರಿ 7

ನೀರು ಇಳಿದು ಇನ್ನೆರಡು ಮೆಟ್ಟಿಲು ಕಾಣುತ್ತಿವೆ. ಕ್ಷೌರಿಕ ಅರ್ಧಕ್ಕೇ ನಿಂತ ಸೇತುವೆಯ ನೆರಳಿಗೆ ಕುರ್ಚಿ ಹಾಕಿದ್ದಾನೆ. ಬ್ಯಾಂಕಿನ ಗುಮಾಸ್ತರು ಅರ್ಧ ಗಡ್ಡ, ಅರ್ಧ ನೊರೆಯಲ್ಲಿ ದೋಣಿಗೆ ಓಡಿ ಬಂದರು. ಕ್ಷೌರಿಕ ಕತ್ತಿ ಹಿಡಿದು ಹಿಂದೆಯೇ! ನೋಡಿದವರು ಕೊಲೆ ಎಂದುಕೊಂಡಾರು. ಉಳಿದರ್ಧ ದೋಣಿಯಲ್ಲೇ ಆಯಿತು.

ಫೆಬ್ರವರಿ 8

ಒಂದು ಮೇಕೆ ದೋಣಿ ಹತ್ತಲು ಒಪ್ಪಲಿಲ್ಲ. ಒಡತಿ ಬೈದಳು, ಬೇಡಿಕೊಂಡಳು, ಕೊನೆಗೆ ಹೆಗಲ ಮೇಲೆ ಹೊತ್ತಳು. ಹೆಗಲ ಮೇಲಿನದಕ್ಕೆ ಟಿಕೆಟ್ ಬೇಕೇ ಎಂದು ಹತ್ತು ನಿಮಿಷ ವಾದ. ತೀರ್ಪಿಗೆ ಎಲ್ಲರೂ ನನ್ನ ಮುಖ ನೋಡಿದರು. ಬೇಡ ಎಂದು ತಲೆಯಾಡಿಸಿದೆ. ಬಾಯಿ ಇದ್ದಿದ್ದರೆ ನಾನೂ ಹತ್ತು ನಿಮಿಷ ಸೇರಿಸುತ್ತಿದ್ದೆ.

ಬೇಕರಿಯವಳು ಬ್ರೆಡ್ಡಿನ ಅಂಚು ಕತ್ತರಿಸಿ ಕೊಟ್ಟಳು. "ಗಂಟಲಿಗೆ ಮೆತ್ತಗಿರ್ಲಿ." ಕಣ್ಣು ತುಂಬಿತು. ಇವಳ ಜೊತೆ ಎಷ್ಟು ಸಲ ಜಗಳ ಆಡಿದ್ದೇನೆ...

ಫೆಬ್ರವರಿ 12

ಮೂರು ದಿನ ಬರೆಯಲಾಗಲಿಲ್ಲ.

ಒಂಬತ್ತರಂದು ಚೆಕಪ್ಪಿಗೆ ಹೋಗಿದ್ದೆವು. ಗಾಯ ಒಣಗುತ್ತಿದೆ. ಕೆಟ್ಟದ್ದೇನಲ್ಲವೆಂದು ರಿಪೋರ್ಟೂ ಬಂದಿದೆ. ಅದು ದೊಡ್ಡ ಪುಣ್ಯ, ಮರೆಯಬಾರದು. ಆದರೆ ಡಾಕ್ಟರು, "ಹದಿನೇಳರಿಂದ ಮಾತಾಡಬಹುದು, ಕಿರುಚೋದು ಮಾತ್ರ ಇನ್ನು ಯಾವತ್ತೂ ಬೇಡ," ಎಂದರು.

ಯಾವತ್ತೂ. ಹಾಗಾದರೆ ಅತ್ತೆ? ಕಬ್ಬಿಣದ ತುಂಡನ್ನು ಅವರ ಕಿವಿಗೆ ಬಡಿಯಲಾಗುತ್ತದೆಯೇ?

ಫೆಬ್ರವರಿ 15

ನರ್ಸಮ್ಮ ಮತ್ತು ಮೇಸ್ತ್ರಿ. ಒಂದು ವರ್ಷದಿಂದ ದೋಣಿಯ ಆ ತುದಿಗೊಬ್ಬರು, ಈ ತುದಿಗೊಬ್ಬರು ಕೂತು ಕದ್ದು ನೋಡುತ್ತಿದ್ದವರು. ಇವತ್ತು ಒಂದೇ ಹಲಗೆ! ಇಬ್ಬರೂ ನೀರನ್ನೇ ನೋಡುತ್ತಿದ್ದರು, ಹೊಳೆಯನ್ನು ಹೊಸದಾಗಿ ತಂದಿಟ್ಟ ಹಾಗೆ. ಇಷ್ಟು ಒಳ್ಳೆಯ ಸುದ್ದಿ, ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ.

ಅತ್ತೆ ಇವತ್ತು ಏನೂ ಕೇಳಲಿಲ್ಲ. ಬಟ್ಟೆ ಮಡಿಸುತ್ತಾ ಕುಳಿತಿದ್ದರು, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಾ.

ಫೆಬ್ರವರಿ 17, ಬೆಳಿಗ್ಗೆ ಆರು

ಮಾತು ಬಂತು. ದನಿ ಮಾತ್ರ ನನ್ನದಲ್ಲ. ದಪ್ಪ, ಗೊಗ್ಗರು, ಯಾರೋ ಲಾರಿ ಡ್ರೈವರ್ ಒಳಗೆ ಕುಳಿತಿದ್ದಾನೆ. ಯಜಮಾನರು ಹಲ್ಲುಜ್ಜುವುದನ್ನು ಬಿಟ್ಟು ಬಂದು ನೋಡಿದರು.

ಸಂಜೆ

ಕೈಕಾಲು ತೊಳೆದು ಅತ್ತೆಯ ಪಕ್ಕ ಕುಳಿತೆ. ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ, ಮೆಲ್ಲಗೆ, "ನರ್ಸಮ್ಮ, ಮೇಸ್ತ್ರಿ ಒಂದೇ ಹಲಗೆ ಮೇಲೆ ಕೂತಿದ್ರು," ಎಂದೆ.

"ಯಾವ ನರ್ಸಮ್ಮ?" ಎಂದರು ಅತ್ತೆ.

ಅವರತ್ತ ತಿರುಗಿದೆ. "ಅತ್ತೆ, ಕೇಳಿಸ್ತಾ?"

"ಈ ದನಿ ಚೆನ್ನಾಗಿ ಕೇಳಿಸುತ್ತೆ ಕಣೇ. ಮೊದಲು ಬರೀ ಕೀಚ್ ಅಂತಿತ್ತು, ಒಂದು ಮಾತೂ ಸಿಗ್ತಿರ್ಲಿಲ್ಲ."

"ಮತ್ತೆ ದಿನಾ ಹೂಂ ಅಂತಿದ್ರಿ, ನಗ್ತಿದ್ರಿ?"

"ನಿನ್ನ ಮುಖ ನೋಡ್ತಿದ್ದೆ. ದಣಿದು ಬಂದವಳು ಅಷ್ಟು ಆಸೆಯಿಂದ ಹೇಳ್ತಿದ್ದೆ, ಕೇಳಿಸಲ್ಲ ಅಂತ ಹೇಗೆ ಅನ್ಲಿ?"

ಹನ್ನೊಂದು ವರ್ಷ! ಅಳುತ್ತಾ ಅಡುಗೆಮನೆಗೆ ಎದ್ದು ಬಂದೆ, ಚಹಾದ ನೆಪದಲ್ಲಿ. ಒಲೆಯ ಪಕ್ಕ ನಿಂತೇ ಇದನ್ನು ಬರೆಯುತ್ತಿದ್ದೇನೆ. ಅತ್ತೆ ಕರೆಯುತ್ತಿದ್ದಾರೆ, "ಬಾರೇ, ನೀನು ಕೆಲಸಕ್ಕೆ ಸೇರಿದ ದಿನದಿಂದ ಶುರು ಮಾಡು." ಮೊದಲ ದಿನ ಏನಾಗಿತ್ತು... ಹಾಂ, ಅವತ್ತು ಬೆಳಿಗ್ಗೆ—